ಹೂವಿನ ಸಾಲಿನಲ್ಲಿ ಒಂದು ವರ್ಷ: ಹವ್ಯಾಸಿ ಛಾಯಾಗ್ರಾಹಕರು ಸ್ವಂತ ಯೋಜನೆಯಿಂದ ಕಲಿಯುವ ಬಗೆ

ಕ್ಯಾಮೆರಾ ಕೊಂಡ ಮೊದಲ ಮೂರು ವರ್ಷ ನಾನು ಎಲ್ಲರೂ ತೆಗೆಯುವ ಚಿತ್ರಗಳನ್ನೇ ತೆಗೆದೆ: ರಂಗನತಿಟ್ಟಿನ ಕೊಕ್ಕರೆ, ಹಂಪಿಯ ಕಲ್ಲಿನ ರಥ, ದಸರೆಯ ದೀಪಗಳಲ್ಲಿ ಬೆಳಗುವ ಅರಮನೆ. ಅವು ಕೆಟ್ಟ ಚಿತ್ರಗಳೇನೂ ಆಗಿರಲಿಲ್ಲ. ಆದರೆ ಮೂರನೆಯ ವರ್ಷದ ಚಿತ್ರವನ್ನು ಮೊದಲ ವರ್ಷದ ಚಿತ್ರದ ಪಕ್ಕದಲ್ಲಿಟ್ಟರೆ ಯಾವುದು ಹಿಂದಿನದು, ಯಾವುದು ಮುಂದಿನದು ಎಂದು ನನಗೇ ಹೇಳಲಾಗುತ್ತಿರಲಿಲ್ಲ. ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಶಟರ್ ವೇಗ (ಬೆಳಕು ಒಳಬರುವ ಅವಧಿ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಈ ಮೂರರ ಸಂಬಂಧವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲವನಾಗಿದ್ದೆ. ಮದುವೆಮನೆಯ ಮಬ್ಬು ಬೆಳಕಿನಲ್ಲಿ ಮಾತ್ರ ಕೈ ತಾನಾಗಿ ಆಟೋ ಮೋಡ್‌ಗೆ ಹೋಗುತ್ತಿತ್ತು.

ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲನ್ನು ಒಂದು ವರ್ಷ ಕಾಲ, ವಾರಕ್ಕೊಮ್ಮೆ, ಒಂದೇ ಲೆನ್ಸಿನಲ್ಲಿ ಚಿತ್ರಿಸುತ್ತೇನೆಂದು ಹಟ ಹಿಡಿದ ಮೇಲೆ ಈ ಸ್ಥಿತಿ ಬದಲಾಯಿತು. ಕಲಿಯಲೆಂದೇ ಮಾಡುವ ಅಭ್ಯಾಸ ಬೇಗ ಬೇಸರ ತರಿಸುತ್ತದೆ. ಒಂದು ಚಿತ್ರ ಬೇಕೇ ಬೇಕೆನಿಸಿ, ಅದು ಕೈತಪ್ಪಿ, ಮುಂದಿನ ವಾರ ಅದನ್ನೇ ಹಿಡಿಯಬೇಕೆಂದು ಕುಳಿತು ಕಲಿತ ತಂತ್ರ ಕೈಯಲ್ಲಿ ಉಳಿಯುತ್ತದೆ. ಅಂಥ ಯೋಜನೆಯೊಂದನ್ನು ಕಟ್ಟಿಕೊಳ್ಳುವುದು ಹೇಗೆ, ಅದು ಏನೇನನ್ನು ಕಲಿಸುತ್ತದೆ ಎಂಬುದನ್ನು ಆ ಒಂದು ವರ್ಷದ ಅನುಭವದಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ವಿಷಯದ ಆಯ್ಕೆ

ಯೋಜನೆ ಎಂಬ ಮಾತು ದೊಡ್ಡದಾಗಿ ಕೇಳಿಸಿದರೂ ಅದಕ್ಕೆ ಬೇಕಾದದ್ದು ಒಂದು ವಿಷಯ, ಒಂದು ಗಡುವು ಮತ್ತು ಕೊನೆಗೆ ಇಷ್ಟು ಚಿತ್ರಗಳು ಎಂಬ ಲೆಕ್ಕ. ವಿಷಯವನ್ನು ಆರಿಸುವಾಗ ಹೆಚ್ಚಿನವರು ಎಡವುವುದು ಅದರ ಗಾತ್ರದಲ್ಲಿ. ‘ಕರ್ನಾಟಕದ ಕೋಟೆಗಳು’ ಎಂದು ಹೊರಟವರು ಎರಡು ಕೋಟೆ ನೋಡಿ, ರಜೆ ಮುಗಿದು, ಅಲ್ಲಿಗೇ ನಿಲ್ಲುತ್ತಾರೆ. ಮನೆಯಿಂದ ಅರ್ಧ ಗಂಟೆಯಲ್ಲಿ ತಲುಪಬಹುದಾದ, ಮತ್ತೆ ಮತ್ತೆ ಹೋದರೂ ಯಾರೂ ಬೇಡವೆನ್ನದ, ಹೋದಾಗಲೆಲ್ಲ ಏನಾದರೊಂದು ಬದಲಾಗಿರುವ ಜಾಗವನ್ನು ಹುಡುಕಿಕೊಳ್ಳಿ. ಸಿಕ್ಕ ಮೇಲೆ ಅದನ್ನು ಇನ್ನೂ ಕಿರಿದು ಮಾಡಿ. ನಾನು ಮೊದಲು ಬರೆದುಕೊಂಡದ್ದು ‘ಮಾರುಕಟ್ಟೆ’ ಎಂದು; ಮೂರು ವಾರ ಬಾಳೆಹಣ್ಣು, ವೀಳ್ಯದೆಲೆ, ಹಮಾಲರು, ಹಸು ಎಲ್ಲವನ್ನೂ ತೆಗೆದ ಮೇಲೆ ಅದು ‘ಹೂವಿನ ಸಾಲು’ ಆಯಿತು; ಎರಡು ತಿಂಗಳಾಗುವ ಹೊತ್ತಿಗೆ ‘ಹೂ ಕಟ್ಟುವ ಕೈಗಳು’ ಎಂಬಲ್ಲಿ ಬಂದು ನಿಂತಿತು. ವಿಷಯ ಕಿರಿದಾದಷ್ಟೂ ನೋಟ ಚುರುಕಾಗುತ್ತದೆ.

ಇಷ್ಟು ಚಿಕ್ಕ ವಿಷಯದಲ್ಲಿ ಏನಿದ್ದೀತು ಎಂಬ ಅನುಮಾನ ಸಹಜ. ಒಂದನೆಯ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಪ್ರಾಗ್ ನಗರದ ಛಾಯಾಗ್ರಾಹಕ ಯೋಸೆಫ್ ಸುಡೆಕ್ 1940ರಲ್ಲಿ ತನ್ನ ಸ್ಟುಡಿಯೊದ ಕಿಟಕಿಯನ್ನು ಚಿತ್ರಿಸತೊಡಗಿ ಹತ್ತಕ್ಕೂ ಹೆಚ್ಚು ವರ್ಷ ಅದನ್ನೇ ಮುಂದುವರಿಸಿದರು. ಗಾಜಿನ ಮೇಲಿನ ಮಂಜು, ಹೊರಗಿನ ಸೊಟ್ಟ ಮರ, ಕಿಟಕಿಯ ದಂಡೆಯ ಮೇಲಿನ ಒಂದು ಲೋಟ, ಇಷ್ಟರಲ್ಲೇ ಅವರಿಗೆ ಸಾಕಷ್ಟು ಸಿಕ್ಕಿತು. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ 1959ರಿಂದ ದಶಕಗಳ ಕಾಲ ನೀರಿನ ಗೋಪುರ, ಗಣಿ, ಕುಲುಮೆಗಳನ್ನು ನೆರಳು ಬೀಳದ ಮೋಡದ ಬೆಳಕಿನಲ್ಲಿ ನೇರಾನೇರ ನಿಂತು ತೆಗೆದು, ಒಂದೇ ಬಗೆಯವನ್ನು ಸಾಲಾಗಿ ಜೋಡಿಸಿ ತೋರಿಸಿದರು. ಹತ್ತಿರದಲ್ಲಿ ಮಾರುಕಟ್ಟೆ ಇಲ್ಲದವರು, ಅಪರಿಚಿತರ ಮುಂದೆ ಕ್ಯಾಮೆರಾ ಎತ್ತಲು ಸಂಕೋಚಪಡುವವರು ಈ ಎರಡನೆಯ ದಾರಿಯನ್ನು ಹಿಡಿಯಬಹುದು. ಮಲೆನಾಡಿನ ಅಥವಾ ಕರಾವಳಿಯ ಒಂದು ಊರಿನ ತುಳಸಿಕಟ್ಟೆಗಳನ್ನೆಲ್ಲ ಒಂದೇ ದೂರದಿಂದ, ಒಂದೇ ಎತ್ತರದಿಂದ, ಮಳೆಗಾಲದ ಮೋಡದ ಬೆಳಕಿನಲ್ಲಿ ತೆಗೆಯುತ್ತ ಹೋದರೆ ಇಪ್ಪತ್ತನೆಯ ಕಟ್ಟೆಯ ಹೊತ್ತಿಗೆ ಲಂಬರೇಖೆಗಳನ್ನು ನೆಟ್ಟಗೆ ನಿಲ್ಲಿಸುವುದು ಚೆನ್ನಾಗಿ ಅಭ್ಯಾಸವಾಗಿರುತ್ತದೆ.

ನನ್ನ ಆಯ್ಕೆಗೆ ಇನ್ನೊಂದು ಕಾರಣವೂ ಇತ್ತು. ಸಯ್ಯಾಜಿರಾವ್ ರಸ್ತೆಯ ಬದಿಯ ಈ ಹಳೆಯ ಮಾರುಕಟ್ಟೆಯ ಉತ್ತರ ದ್ವಾರದ ಭಾಗ 2016ರಲ್ಲಿ ಕುಸಿದು ಬಿತ್ತು. ಕಟ್ಟಡವನ್ನು ಕೆಡವಬೇಕೇ, ಉಳಿಸಬೇಕೇ ಎಂಬ ವಾದ ಆಮೇಲೆ ವರ್ಷಗಟ್ಟಲೆ ನಡೆಯಿತು. ಕಣ್ಣೆದುರಿಗಿರುವುದು ನಾಳೆ ಇರದೇ ಹೋಗಬಹುದು ಎಂಬ ಅರಿವು ಭಾನುವಾರ ಬೆಳಗಿನ ಹಾಸಿಗೆಯಿಂದ ಏಳಿಸುವ ಮಟ್ಟಿಗೆ ಬಲವಾದದ್ದು.

ಕಟ್ಟುಪಾಡು

ಒಂದೇ ಲೆನ್ಸ್ ಬಳಸಿ. ನನ್ನ ಬಳಿ ಇದ್ದದ್ದು ಎಪಿಎಸ್-ಸಿ ಎಂಬ ಚಿಕ್ಕ ಗಾತ್ರದ ಸೆನ್ಸರ್‌ನ ಹಳೆಯ ಕ್ಯಾಮೆರಾ ಮತ್ತು 35 ಮಿಲಿಮೀಟರ್‌ನ ಒಂದು ಪ್ರೈಮ್ ಲೆನ್ಸ್, ಅಂದರೆ ಜೂಮ್ ಆಗದ ಲೆನ್ಸ್. ಪೂರ್ಣ ಗಾತ್ರದ ಸೆನ್ಸರ್‌ನ ಲೆಕ್ಕದಲ್ಲಿ ಅದು ಸುಮಾರು 50 ಮಿಲಿಮೀಟರ್‌ಗೆ ಸಮ. ಜೂಮ್ ಇಲ್ಲದಿದ್ದಾಗ ಕಾಲು ಕೆಲಸ ಮಾಡುತ್ತದೆ. ಎಷ್ಟು ಹತ್ತಿರ ಹೋದರೆ ಏನು ಫ್ರೇಮಿನಲ್ಲಿ ಬರುತ್ತದೆಂಬುದು ಎರಡು ತಿಂಗಳಲ್ಲಿ ಕ್ಯಾಮೆರಾ ಎತ್ತುವ ಮೊದಲೇ ತಿಳಿಯತೊಡಗುತ್ತದೆ. ಮೊಬೈಲ್‌ನಲ್ಲಿ ತೆಗೆಯುವವರು ಮುಖ್ಯ ಕ್ಯಾಮೆರಾವನ್ನೊಂದೇ ಬಳಸಬೇಕು. ಬೆರಳಿನಲ್ಲಿ ಹಿಗ್ಗಿಸುವುದನ್ನು ಪೂರ್ತಿ ಬಿಡಬೇಕು. ವಾರ ಮತ್ತು ವೇಳೆ ನಿಗದಿಯಾಗಿರಲಿ. ನಾನು ಭಾನುವಾರ ಬೆಳಿಗ್ಗೆ ಆರೂವರೆಯಿಂದ ಎಂಟು ಎಂದು ಇಟ್ಟುಕೊಂಡಿದ್ದೆ. ಮಳೆ, ಜ್ವರ, ನೆಂಟರ ಮನೆ ಎಂದು ಆರು ವಾರ ತಪ್ಪಿತು, ಉಳಿದ ನಲವತ್ತಾರು ವಾರ ತಪ್ಪಲಿಲ್ಲ.

ಜೊತೆಗೊಂದು ಚಿಕ್ಕ ನೋಟ್‌ಬುಕ್ ಇರಲಿ. ಸೆಟ್ಟಿಂಗ್‌ಗಳನ್ನು ಕ್ಯಾಮೆರಾ ತಾನೇ ಬರೆದಿಡುತ್ತದೆ. ನೀವು ಬರೆಯಬೇಕಾದದ್ದು ಏನನ್ನು ಹಿಡಿಯಲು ಹೋಗಿ ತಪ್ಪಿತು ಎಂಬುದನ್ನು. ನನ್ನ ನೋಟ್‌ಬುಕ್‌ನ ಮೊದಲ ಪುಟದಲ್ಲಿ ‘ಕೈ ಮಬ್ಬು, ಮುಖ ನೀಲಿ, ಮಲ್ಲಿಗೆ ಬೂದಿ’ ಎಂದಷ್ಟೇ ಇದೆ. ಮುಂದಿನ ನಾಲ್ಕು ತಿಂಗಳ ಪಾಠ ಆ ಮೂರು ಮಾತಿನಲ್ಲೇ ಇತ್ತು.

ಮಲ್ಲಿಗೆ ಯಾಕೆ ಬೂದಿಯಾಗುತ್ತದೆ

ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಎದುರಿಗಿರುವುದು ಮಲ್ಲಿಗೆಯೋ ಇದ್ದಿಲೋ ತಿಳಿಯದು. ಎಲ್ಲವನ್ನೂ ಸರಾಸರಿ ಮಾಡಿ ನಡುಬಣ್ಣದ ಬೂದಿಗೆ ತರುವುದಷ್ಟೇ ಅದರ ಕೆಲಸ. ಹಾಗಾಗಿ ಬುಟ್ಟಿ ತುಂಬಿದ ಮಲ್ಲಿಗೆ ಮೊಗ್ಗನ್ನು ಫ್ರೇಮಿನ ತುಂಬ ಇಟ್ಟು ತೆಗೆದರೆ, ಇಷ್ಟೊಂದು ಬೆಳಕಿದೆಯಲ್ಲ ಎಂದು ಕ್ಯಾಮೆರಾ ತಾನೇ ತಗ್ಗಿಸಿಕೊಂಡು ಮಾಸಿದ ಪಂಚೆಯ ಬಣ್ಣದ ಮಲ್ಲಿಗೆಯನ್ನು ಕೊಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಎಂಬ ಗುಂಡಿಯನ್ನು +1ಕ್ಕೆ ತಿರುಗಿಸಿದರೆ ಮೊಗ್ಗು ಬೆಳ್ಳಗಾಗುತ್ತದೆ. ಅದೇ ಮಲ್ಲಿಗೆ ಕಪ್ಪು ಹೆರಳಿನ ಮೇಲೆ ಎರಡು ಎಳೆಯಾಗಿ ಕೂತಾಗ ಫ್ರೇಮಿನ ಬಹುಪಾಲು ಕಪ್ಪು. ಕ್ಯಾಮೆರಾ ಈಗ ಬೆಳಕು ಸಾಲದೆಂದು ಹೆಚ್ಚಿಸಿಕೊಳ್ಳುತ್ತದೆ, ಕೂದಲು ಕಂದಾಗುತ್ತದೆ, ಹೂವು ಬೆಳ್ಳನೆಯ ಕಲೆಯಾಗಿ ಎಸಳೇ ಕಾಣದಂತಾಗುತ್ತದೆ. ಇಲ್ಲಿ -1 ಬೇಕು. ಒಂದೇ ಹೂವಿಗೆ ಎರಡು ತದ್ವಿರುದ್ಧ ತಿದ್ದುಪಡಿ. ಇದನ್ನು ನಾನು ಎಷ್ಟೋ ಕಡೆ ಓದಿದ್ದೆ. ಅರ್ಥವಾದದ್ದು ಬುಟ್ಟಿಯನ್ನೂ ಹೆರಳನ್ನೂ ಒಂದೇ ಬೆಳಿಗ್ಗೆ, ಹತ್ತು ಹೆಜ್ಜೆ ಅಂತರದಲ್ಲಿ ತೆಗೆದು ಎರಡನ್ನೂ ಕೆಡಿಸಿಕೊಂಡ ದಿನ.

ಹೂವಿನ ಸಾಲು ದಾಟಿದರೆ ಗೋಪುರದಂತೆ ಒಟ್ಟಿದ ಕುಂಕುಮ, ಬಣ್ಣಗಳ ರಾಶಿ. ಅದರ ತಾಪತ್ರಯ ಬೇರೆ. ಚಿತ್ರದ ಕಪ್ಪಿನಿಂದ ಬಿಳುಪಿನವರೆಗಿನ ಹಂಚಿಕೆಯನ್ನು ಎಡದಿಂದ ಬಲಕ್ಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ನೋಡಿದರೆ ಎಲ್ಲವೂ ಸರಿಯಿರುವಂತೆ ತೋರುತ್ತದೆ, ಮನೆಗೆ ಬಂದು ನೋಡಿದರೆ ಕುಂಕುಮ ಪುಡಿಯಂತಿಲ್ಲ, ಬಳಿದ ಪೇಂಟಿನಂತಿದೆ. ಗಾಢ ಕೆಂಪಿನಲ್ಲಿ ಕೆಂಪು ವಾಹಿನಿಯೊಂದೇ ತುಂಬಿ ಚೆಲ್ಲಿರುತ್ತದೆ. ಮೂರೂ ಬಣ್ಣಗಳ ಒಟ್ಟು ಲೆಕ್ಕ ತೋರಿಸುವ ಹಿಸ್ಟೋಗ್ರಾಮ್‌ನಲ್ಲಿ ಅದು ಕಾಣುವುದಿಲ್ಲ. ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ಅನ್ನು ಆನ್ ಮಾಡಿ, ಕೆಂಪಿನ ಗುಡ್ಡ ಬಲಗೋಡೆಗೆ ಒರಗದಷ್ಟು ಬೆಳಕನ್ನು ತಗ್ಗಿಸಿ, ಸೆನ್ಸರ್ ಕಂಡದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲ್‌ನಲ್ಲಿ ತೆಗೆಯಬೇಕು. ಚೆಂಡುಹೂವಿಗೂ ಇದೇ ಮಾತು.

ಇನ್ನು ಕೈಗಳು. ಹೂ ಕಟ್ಟುವವರು ಎರಡು ಮೊಗ್ಗನ್ನು ಈ ಕಡೆ, ಎರಡನ್ನು ಆ ಕಡೆ ಇಟ್ಟು, ನೀರಿನಲ್ಲಿ ನೆನೆದ ಬಾಳೆನಾರನ್ನು ಸುತ್ತಿ, ಕುಣಿಕೆಯೊಳಗಿಂದ ಎಳೆದು ಬಿಗಿಯುವಷ್ಟರಲ್ಲಿ ನೋಡುವವನ ಕಣ್ಣು ಇನ್ನೂ ಮೊಗ್ಗಿನ ಮೇಲೇ ಇರುತ್ತದೆ. ಸೆಕೆಂಡಿನ 1/60ರಲ್ಲಿ ತೆಗೆದ ನನ್ನ ಮೊದಲ ಚಿತ್ರಗಳಲ್ಲಿ ಬೆರಳುಗಳೇ ಇರಲಿಲ್ಲ, ಹೊಗೆ ಇತ್ತು. 1/250ಕ್ಕೆ ಏರಿಸಿದರೆ ಬೆರಳು ನಿಲ್ಲುತ್ತದೆ, ಆದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಅದನ್ನು ತುಂಬಿಕೊಳ್ಳಲು ಎರಡು ದಾರಿ: ಐಎಸ್‌ಒವನ್ನು 800ರಿಂದ 3200ಕ್ಕೆ ಏರಿಸುವುದು ಅಥವಾ ಅಪರ್ಚರ್ ತೆರೆಯುವುದು. ಅಪರ್ಚರ್ ಅನ್ನು ಎಫ್ 2ರವರೆಗೂ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ತೆರೆದರೆ ಈ ಲೆನ್ಸಿನಲ್ಲಿ ಒಂದು ಮೀಟರ್ ದೂರಕ್ಕೆ ಸ್ಪಷ್ಟವಾಗಿ ಬರುವ ಆಳ ಆರೇಳು ಸೆಂಟಿಮೀಟರ್ ಮಾತ್ರ. ಬೆರಳು ಸ್ಪಷ್ಟವಾದರೆ ಮುಖ ಮಸುಕು. ಎಫ್ 5.6ರಲ್ಲಿ ಅದು ಹದಿನೆಂಟು ಸೆಂಟಿಮೀಟರ್ ಆಸುಪಾಸಿಗೆ ಬರುತ್ತದೆ. ನಾನು ಚಿತ್ರದಲ್ಲಿ ಕಾಳು ಕಾಳಾಗಿ ಕಾಣುವ ನಾಯ್ಸ್ ಅನ್ನು ಒಪ್ಪಿಕೊಂಡು ಐಎಸ್‌ಒ ಏರಿಸಿದೆ. ಮಸುಕಾದ ಮುಖವನ್ನು ಆಮೇಲೆ ಸರಿಪಡಿಸಲಾಗುವುದಿಲ್ಲ. ನಾಯ್ಸ್ ಇರುವ ಚಿತ್ರ ಮುದ್ರಣದಲ್ಲಿ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ.

ಇಷ್ಟು ಮಾಡಿದರೂ ಕೆಲವು ಅಂಗಡಿಗಳ ಚಿತ್ರಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬರುತ್ತಿತ್ತು. ಕ್ಯಾಮೆರಾ ಕೆಟ್ಟಿತೆಂದು ರಿಪೇರಿಯವರ ಬಳಿ ಒಯ್ದದ್ದೂ ಉಂಟು. ಅವರು ಒಂದು ವಾರ ಇಟ್ಟುಕೊಂಡು, ದುಡ್ಡು ತೆಗೆದುಕೊಂಡು, ಏನೂ ಆಗಿಲ್ಲವೆಂದು ವಾಪಸು ಕೊಟ್ಟರು. ತಪ್ಪು ಬಲ್ಬಿನದು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಟ್ಯೂಬ್‌ಲೈಟುಗಳೂ ಅಗ್ಗದ ಎಲ್‌ಇಡಿಗಳೂ ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಅದು ಕಾಣದು. ಶಟರ್ 1/50 ಅಥವಾ 1/100ರಲ್ಲಿದ್ದರೆ ಮಿನುಗಿನ ಪೂರ್ಣ ಸುತ್ತುಗಳು ಒಳಗೆ ಬಂದು ಪಟ್ಟೆ ಮಾಯವಾಗುತ್ತದೆ; 1/250ರಲ್ಲಿ ಅದು ಸಿಕ್ಕಿಬೀಳುತ್ತದೆ. ಬೆರಳಿಗೆ 1/250 ಬೇಕು, ಬಲ್ಬಿಗೆ 1/100 ಬೇಕು. ಈ ಜಗಳ ಬಗೆಹರಿಯಬೇಕಾದರೆ ಬಲ್ಬಿನ ಕೆಳಗಿನ ಅಂಗಡಿಯನ್ನು ಬಿಟ್ಟು, ಹಗಲಿನ ಬೆಳಕು ಬೀಳುವ ಅಂಚಿನ ಅಂಗಡಿಗೆ ಹೋಗಬೇಕು. ನೀಲಿ ಟಾರ್ಪಾಲಿನ ಕೆಳಗೆ ಮುಖಗಳು ನೀಲಿಯಾಗುವುದಕ್ಕೂ ಇದೇ ಉತ್ತರ. ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ಬಣ್ಣ ತಿದ್ದುವ ವೈಟ್ ಬ್ಯಾಲೆನ್ಸ್ ಅನ್ನು ಎಷ್ಟು ತಿರುಗಿಸಿದರೂ ಟಾರ್ಪಾಲು ಸೋಸಿ ಉಳಿಸಿಕೊಂಡ ಕೆಂಪು ಮರಳಿ ಬರುವುದಿಲ್ಲ. ಮಲ್ಲಿಗೆಯನ್ನೇ ಬಿಳಿಯೆಂದು ತೋರಿಸಿ ತಿದ್ದಿದರೆ ಮುಖ ಬೂದಿ ಬಳಿದುಕೊಂಡಂತಾಗುತ್ತದೆ. ಅಂಥ ಚಿತ್ರವನ್ನು ಕಪ್ಪು-ಬಿಳುಪು ಮಾಡಬಹುದು, ಅಥವಾ ಟಾರ್ಪಾಲಿನ ಅಂಚಿನಲ್ಲಿ ನಿಂತು ಕಾಯಬಹುದು. ಕಾಯುವುದು ಮೇಲು.

ಕಾಯುವವನಿಗೆ ಸೂರ್ಯನ ದಾರಿ ಗೊತ್ತಿರಬೇಕು. ಮೈಸೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕಡೆಯ ವಾರದ ಆಸುಪಾಸು ಮತ್ತು ಆಗಸ್ಟ್ ಮೂರನೆಯ ವಾರದ ಆಸುಪಾಸು ಮಧ್ಯಾಹ್ನದ ಸೂರ್ಯ ನೆಟ್ಟ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರ್‌ನಲ್ಲಿ ಅದೇ ಹೊತ್ತಿಗೆ ದಕ್ಷಿಣಕ್ಕೆ ಸಾಕಷ್ಟು ವಾಲಿರುತ್ತಾನೆ. ಬೇಸಿಗೆಯಲ್ಲಿ ಓಣಿಯ ಮಧ್ಯದ ನೆಲಕ್ಕೆ ಬೀಳುತ್ತಿದ್ದ ಬಿಸಿಲುಕೋಲು ಚಳಿಗಾಲದಲ್ಲಿ ಬೇರೊಂದು ಅಂಗಡಿಯ ಹಲಗೆಗೆ ಬಂದಿತ್ತು. ಒಂದೇ ಜಾಗಕ್ಕೆ ವರ್ಷಪೂರ್ತಿ ಹೋಗದೆ ಇದು ಗೊತ್ತಾಗುತ್ತಿರಲಿಲ್ಲ.

ಜನರ ನಡುವೆ

ಮೊದಲ ವಾರ ನಾನು ಕಂಬದ ಮರೆಯಿಂದ ಕದ್ದು ತೆಗೆದೆ. ಆ ಚಿತ್ರಗಳಲ್ಲೆಲ್ಲ ಕದ್ದು ನೋಡಿದ ಕಳೆಯೇ ಇದೆ. ಎರಡನೆಯ ವಾರ ಹೂ ಮಾರುವ ಹೆಂಗಸೊಬ್ಬರು ತಲೆ ಎತ್ತದೆಯೇ ಕೇಳಿದರು: “ಏನಪ್ಪಾ, ಹೂ ತಗೋತೀಯಾ, ಇಲ್ಲ ಬರೀ ಫೋಟೋನಾ?” ಎರಡು ಮೊಳ ಮಲ್ಲಿಗೆ ಕೊಂಡು, “ಅಕ್ಕಾ, ನೀವು ಕಟ್ಟೋದನ್ನ ತೆಗೀಲಾ?” ಎಂದು ಕೇಳಿದೆ. “ತೆಕ್ಕೋ, ಅಂಗಡಿ ಮುಂದೆ ಅಡ್ಡ ನಿಲ್ಬೇಡ” ಎಂದರು. ಅಲ್ಲಿಂದ ಮುಂದೆ ನಾನು ಮೂರು ನಿಯಮ ಪಾಲಿಸಿದೆ. ಕೇಳದೆ ತೆಗೆಯುವುದಿಲ್ಲ, ಬೇಡವೆಂದವರ ಬಳಿ ಎರಡನೆಯ ಸಲ ಕೇಳುವುದಿಲ್ಲ, ಗಿರಾಕಿ ಬಂದ ಕೂಡಲೇ ಪಕ್ಕಕ್ಕೆ ಸರಿಯುತ್ತೇನೆ. ವರಮಹಾಲಕ್ಷ್ಮಿ ಹಬ್ಬ, ಆಯುಧಪೂಜೆಗಳ ಹಿಂದಿನ ದಿನ ಎಲ್ಲಕ್ಕಿಂತ ಚೆಂದದ ಚಿತ್ರ ಸಿಗುತ್ತದೆ ನಿಜ, ಆದರೆ ಅವರ ವರ್ಷದ ವ್ಯಾಪಾರವೂ ಆ ದಿನವೇ. ಅಂದು ಬದಿಯಲ್ಲಿ ನಿಂತು, ದೂರದಿಂದ, ಕಡಿಮೆ ತೆಗೆಯಬೇಕು.

ತೆಗೆದ ಚಿತ್ರವನ್ನು ಮುದ್ರಿಸಿ ಕೊಡುವುದನ್ನು ಮಾತ್ರ ಎಂದಿಗೂ ತಪ್ಪಿಸಬೇಡಿ. ಮಾತು ಕೊಟ್ಟು ಮರೆತವರಿಂದ ಮುಂದೆ ಬರುವವರಿಗೂ ಬಾಗಿಲು ಮುಚ್ಚುತ್ತದೆ. ನಾನು ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟ್ ಒಯ್ದು ಅದೇ ಅಕ್ಕನ ಕೈಗಿಟ್ಟೆ. ಅವರ ಮುಖ ಚೆನ್ನಾಗಿ ಬಂದಿತ್ತು, ಬೆರಳುಗಳೂ ಸ್ಪಷ್ಟವಾಗಿದ್ದವು, ಹೊಗಳಿಕೆಯನ್ನೇ ನಿರೀಕ್ಷಿಸಿದ್ದೆ. ಅವರು ಒಂದು ನಿಮಿಷ ನೋಡಿ, “ಇದ್ರಲ್ಲಿ ನಾನು ಹೂ ಕಟ್ತಿಲ್ಲ, ಸುಮ್ನೆ ಹಿಡ್ಕಂಡಿದೀನಿ. ಗಂಟು ಬಿಗಿಯೋದು ಎಲ್ಲಿ?” ಎಂದರು. ನಾನು ಆವರೆಗೆ ಬೆರಳು ನಿಂತ ಗಳಿಗೆಯನ್ನು ಹಿಡಿಯುತ್ತಿದ್ದೆ, ಏಕೆಂದರೆ ಅದು ಸುಲಭ. ಕೆಲಸ ನಡೆಯುವುದು ನಾರು ಬಿಗಿಯಾಗಿ, ಹೆಬ್ಬೆರಳ ಉಗುರು ಬೆಳ್ಳಗಾಗಿ, ಮೊಗ್ಗುಗಳು ಒಂದಕ್ಕೊಂದು ಒತ್ತಿಕೊಳ್ಳುವ ಗಳಿಗೆಯಲ್ಲಿ. ಮುಂದಿನ ಮೂರು ಭಾನುವಾರ ಅದೊಂದನ್ನೇ ಹಿಡಿಯಲು ಕೂತೆ. ಲಯ ಎಣಿಸುತ್ತ, ನಾರು ಸುತ್ತಿದ ಕೂಡಲೇ ಫೋಕಸ್ ಆಗಲೆಂದು ಶಟರ್ ಗುಂಡಿಯನ್ನು ಅರ್ಧ ಒತ್ತಿ, ಎಳೆಯುವಾಗ ಪೂರ್ತಿ ಒತ್ತಬೇಕಿತ್ತು. ನೂರರಲ್ಲಿ ನಾಲ್ಕು ಸಿಕ್ಕವು. ನಿಮ್ಮ ಚಿತ್ರವನ್ನು ಛಾಯಾಗ್ರಾಹಕರಿಗೆ ತೋರಿಸುವ ಮೊದಲು ಅದರಲ್ಲಿರುವ ಕೆಲಸ ಬಲ್ಲವರಿಗೆ ತೋರಿಸಿ.

ಆಯ್ಕೆ

ಮನೆಗೆ ಬಂದ ದಿನವೇ ಚಿತ್ರಗಳನ್ನು ಕಂಪ್ಯೂಟರಿಗೂ ಬೇರೊಂದು ಹಾರ್ಡ್‌ಡಿಸ್ಕಿಗೂ ಹಾಕಿ, ದಿನಾಂಕದ ಹೆಸರಿನ ಫೋಲ್ಡರಿನಲ್ಲಿಡಿ. ಒಂದೇ ಕಡೆ ಇಟ್ಟು ಜುಲೈ ತಿಂಗಳನ್ನು ಪೂರ್ತಿ ಕಳೆದುಕೊಂಡವನ ಮಾತು ಇದು. ಆದರೆ ಅಂದೇ ಆಯ್ಕೆಗೆ ಕೂರಬೇಡಿ. ತೆಗೆದ ದಿನ ನಾವು ಚಿತ್ರವನ್ನು ನೋಡುವುದಿಲ್ಲ, ಅದಕ್ಕೆ ಪಟ್ಟ ಪಾಡನ್ನು ನೋಡುತ್ತೇವೆ. ಎರಡು ವಾರ ಬಿಟ್ಟು ನೋಡಿದರೆ ಕಷ್ಟಪಟ್ಟ ಚಿತ್ರ ಸಪ್ಪೆಯಾಗಿಯೂ, ಆಕಸ್ಮಿಕವಾಗಿ ಒತ್ತಿದ್ದು ಜೀವಂತವಾಗಿಯೂ ಕಾಣಬಹುದು.

ಸ್ವಂತ ಚಿತ್ರವನ್ನು ಅಳೆಯಲು ಒಂದು ಅಳತೆಗೋಲು ಬೇಕಾಗುತ್ತದೆ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ, 1977ರಲ್ಲಿ ಪದ್ಮಶ್ರೀ ಪಡೆದ ಟಿ.ಎಸ್. ಸತ್ಯನ್ ಸಾಮಾನ್ಯ ಜನರ ದಿನದ ಬದುಕನ್ನು ಕಪ್ಪು-ಬಿಳುಪಿನಲ್ಲಿ ಹಿಡಿದ ಪತ್ರಿಕಾ ಛಾಯಾಗ್ರಾಹಕರು. ಅವರಂಥವರ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಬೆಳಕು ಎಲ್ಲಿಂದ ಬಂದಿದೆ, ತೆಗೆದವರು ಎಲ್ಲಿ ನಿಂತಿದ್ದಾರೆ, ಏನನ್ನು ಹೊರಗೆ ಬಿಟ್ಟಿದ್ದಾರೆ ಎಂಬ ಮೂರು ಪ್ರಶ್ನೆ ಕೇಳಿ, ಅವೇ ಪ್ರಶ್ನೆಗಳನ್ನು ನಿಮ್ಮ ಚಿತ್ರಕ್ಕೂ ಕೇಳಿ. ನನಗೆ ಹೆಚ್ಚು ನಾಚಿಕೆ ತಂದದ್ದು ಮೂರನೆಯದು. ನನ್ನ ಅರ್ಧದಷ್ಟು ಚಿತ್ರಗಳಲ್ಲಿ ಹಿಂದೆ ಒಂದು ಪ್ಲಾಸ್ಟಿಕ್ ಬಕೆಟ್ಟೋ ಯಾರದೋ ಅರ್ಧ ಮೊಣಕೈಯೋ ಇತ್ತು. ಒಂದು ಹೆಜ್ಜೆ ಎಡಕ್ಕೆ ಸರಿದಿದ್ದರೆ ಅದು ಇರುತ್ತಿರಲಿಲ್ಲ. ಆಮೇಲೆ ಕ್ಲಿಕ್ ಮಾಡುವ ಮೊದಲು ಫ್ರೇಮಿನ ನಾಲ್ಕು ಮೂಲೆಗಳ ಮೇಲೆ ಒಮ್ಮೆ ಕಣ್ಣಾಡಿಸುವುದು ರೂಢಿಯಾಯಿತು.

ವರ್ಷದ ಕೊನೆಗೆ ನನ್ನ ಬಳಿ ನಾಲ್ಕು ಸಾವಿರದಷ್ಟು ಚಿತ್ರಗಳಿದ್ದವು, ಬೇಕಾದದ್ದು ಇಪ್ಪತ್ತನಾಲ್ಕು. ಪರದೆಯ ಮೇಲೆ ಇನ್ನೂರಕ್ಕೆ ಇಳಿಸುವುದು ಕಷ್ಟವಾಗಲಿಲ್ಲ. ಆಮೇಲೆ ಪರದೆಯನ್ನು ಬಿಟ್ಟು, ಅಗ್ಗದ ಪ್ರಿಂಟ್ ಹಾಕಿಸಿ, ನಡುಮನೆಯ ನೆಲದ ಮೇಲೆ ಹರಡಿ, ಒಂದು ವಾರ ಅವುಗಳ ನಡುವೆಯೇ ಓಡಾಡಿದೆವು. ನೆಲದ ಮೇಲೆ ಇಟ್ಟಾಗ ಮಾತ್ರ ಒಂದೇ ಮಾತನ್ನು ಹೇಳುವ ಏಳು ಚಿತ್ರಗಳಿವೆ ಎಂಬುದು ಕಣ್ಣಿಗೆ ಬೀಳುತ್ತದೆ. ಆರನ್ನು ತೆಗೆಯಬೇಕು, ಅವುಗಳಲ್ಲಿ ನಿಮಗೆ ಬಹಳ ಇಷ್ಟವಾದದ್ದೂ ಇರಬಹುದು. ಕ್ರಮವನ್ನು ಜೋಡಿಸುವಾಗ ಕೈಯ ಸಮೀಪಚಿತ್ರಗಳನ್ನೆಲ್ಲ ಒಟ್ಟಿಗೆ ಇಡಬೇಡಿ. ಒಂದು ದೂರದ ನೋಟ, ಎರಡು ಕೈ, ಒಂದು ಮುಖ, ಖಾಲಿ ಬುಟ್ಟಿ ಹೀಗೆ ಉಸಿರಾಟಕ್ಕೆ ಜಾಗ ಬಿಡಿ. ನನ್ನ ಸರಣಿ ಮುಂಜಾನೆ ಮೂಟೆ ಬಿಚ್ಚುವುದರಿಂದ ತೊಡಗಿ, ಉಳಿದ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುವಲ್ಲಿಗೆ ನಿಂತಿತು. ಮನೆಯವರು ಎಲ್ಲವನ್ನೂ ಚೆನ್ನಾಗಿದೆ ಎನ್ನುತ್ತಾರೆ. ಹಾಗಾಗಿ ಕೊನೆಯ ಸುತ್ತಿಗೆ ನೆಂಟನಲ್ಲದ, ಮುಲಾಜಿಲ್ಲದ ಒಬ್ಬರನ್ನು ಕರೆದು, ಏನೂ ವಿವರಿಸದೆ ಸುಮ್ಮನೆ ತೋರಿಸಿ, ಅವರು ಯಾವ ಚಿತ್ರದ ಮುಂದೆ ನಿಲ್ಲುತ್ತಾರೆ, ಯಾವುದನ್ನು ದಾಟಿ ಹೋಗುತ್ತಾರೆ ಎಂಬುದನ್ನು ಗಮನಿಸಿ. ಅವರ ಬಾಯಿಮಾತಿಗಿಂತ ಕಾಲಿನ ಸಾಕ್ಷಿಯನ್ನು ನಂಬಬಹುದು.

ಇಪ್ಪತ್ತನಾಲ್ಕೂ ಚಿತ್ರಗಳ ಒಂದು ಪ್ರತಿ ನನ್ನ ಬಳಿ ಇದೆ, ಇನ್ನೊಂದು ಆ ಸಾಲಿನ ಅಂಗಡಿಗಳಿಗೆ ಹಂಚಿಹೋಯಿತು. ಗಂಟು ಬಿಗಿಯುವ ಚಿತ್ರವನ್ನು ಅಕ್ಕ ಅಂಗಡಿಯ ದೇವರ ಪಟದ ಪಕ್ಕ ಸಿಕ್ಕಿಸಿದ್ದಾರೆ. ಅದರ ಮೇಲೂ ಈಗ ದಿನಾ ಒಂದು ತುಂಡು ಮಲ್ಲಿಗೆ ಇರುತ್ತದೆ. ಭಾನುವಾರಗಳು ಖಾಲಿಯಾಗಿವೆಯೆಂದು ನಾನು ಮಾರುಕಟ್ಟೆಯ ವೀಳ್ಯದೆಲೆಯ ಸಾಲಿಗೆ ಹೋಗತೊಡಗಿದ್ದೇನೆ. ಹಸಿರಿನ ಮೇಲೆ ಹಸಿರು, ಒದ್ದೆ ಎಲೆಯ ಮೇಲೆ ಆಕಾಶದ ಹೊಳಪು. ಆ ಹೊಳಪನ್ನು ತಗ್ಗಿಸುವ ಪೋಲರೈಸರ್ ಫಿಲ್ಟರ್ ಒಂದನ್ನು ಕೊಳ್ಳಬೇಕೇ ಎಂದು ನೋಟ್‌ಬುಕ್‌ನ ಹೊಸ ಪುಟದಲ್ಲಿ ಬರೆದುಕೊಂಡಿದ್ದೇನೆ.